ಅರೆವಾಹಕ ಸಾಧನಗಳ ಆಯುಷ್ಯ ಮತ್ತು ಶಾಖದ ಲೆಕ್ಕಾಚಾರ

ಲೆಕ್ಕ ಪರಿಶೋಧನೆಯ ನಿಮಿತ್ತ ಸಣ್ಣ ಉದ್ದಿಮೆಗಳ ಖಾತೆಗಳನ್ನು ಪರಿಶೀಲಿಸುವಾಗ, ದುರಸ್ತಿ ವೆಚ್ಚದ ಸ್ವರೂಪ ಬದಲಾಗಿರುವುದು ಸ್ಪಷ್ಟವಾಗಿ ಕಂಡುಬರುತ್ತದೆ. ಹಿಂದೆ ಈ ಖಾತೆಯಲ್ಲಿ ಬೇರಿಂಗ್, ಬೆಲ್ಟ್, ಮೋಟಾರ್ ರೀವೈಂಡಿಂಗ್ ಮುಂತಾದ ಬಾಬುಗಳೇ ಹೆಚ್ಚಾಗಿರುತ್ತಿದ್ದವು. ಇಂದು ಅವುಗಳ ಜೊತೆಗೆ ಡ್ರೈವ್ ಕಾರ್ಡ್ ಬದಲಾವಣೆ, ಯುಪಿಎಸ್ ರಿಪೇರಿ, ವೆಲ್ಡಿಂಗ್ ಇನ್ವರ್ಟರ್ ದುರಸ್ತಿ, ಎಲ್‌ಇಡಿ ಡ್ರೈವರ್ ಖರೀದಿ ಎಂಬ ನಮೂದುಗಳು ಸೇರಿಕೊಂಡಿವೆ. ಬೇಸಿಗೆಯ ತಿಂಗಳುಗಳಲ್ಲಿ ಇವುಗಳ ಸಂಖ್ಯೆ ಹೆಚ್ಚುವುದನ್ನು ಅನೇಕ ಸದಸ್ಯರು ಸ್ವತಃ ಗಮನಿಸಿರಬಹುದು. "ಕಾರ್ಡ್ ಹೋಯಿತು" ಎಂಬ ಒಂದೇ ಮಾತಿನಲ್ಲಿ ಈ ವೆಚ್ಚವನ್ನು ವಿಧಿಲಿಖಿತವೆಂಬಂತೆ ಒಪ್ಪಿಕೊಳ್ಳುವ ರೂಢಿ ನಮ್ಮಲ್ಲಿದೆ. ಆದರೆ ಅರೆವಾಹಕ ಸಾಧನವೊಂದು ಹೇಗೆ ಕೆಲಸ ಮಾಡುತ್ತದೆ, ಯಾವ ಕಾರಣದಿಂದ ಕೆಡುತ್ತದೆ ಎಂಬುದನ್ನು ಸ್ಥೂಲವಾಗಿಯಾದರೂ ತಿಳಿದುಕೊಂಡರೆ, ಈ ವೆಚ್ಚದ ಬಹುಭಾಗವನ್ನು ತಪ್ಪಿಸಲು ಸಾಧ್ಯವಿದೆ. ಈ ದೃಷ್ಟಿಯಿಂದ, ತಾಂತ್ರಿಕ ಶಿಕ್ಷಣವಿಲ್ಲದ ವರ್ತಕರಿಗೂ ಉದ್ದಿಮೆದಾರರಿಗೂ ಉಪಯುಕ್ತವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಅರೆವಾಹಕ ಎಂದರೇನು?

ತಾಮ್ರ, ಅಲ್ಯೂಮಿನಿಯಂ ಮೊದಲಾದವು ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡುವ ವಾಹಕಗಳು. ಗಾಜು, ಪಿಂಗಾಣಿ, ರಬ್ಬರ್ ಮೊದಲಾದವು ಹರಿಯಗೊಡದ ಅವಾಹಕಗಳು. ಇವೆರಡರ ನಡುವಿನ ಸ್ಥಾನದಲ್ಲಿರುವ ಸಿಲಿಕಾನ್, ಜರ್ಮೇನಿಯಂ ಮುಂತಾದವುಗಳೇ ಅರೆವಾಹಕಗಳು. ಸಿಲಿಕಾನಿನ ಪ್ರತಿಯೊಂದು ಪರಮಾಣುವಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳಿದ್ದು, ಅವುಗಳನ್ನು ಅದು ಸುತ್ತಲಿನ ನಾಲ್ಕು ಪರಮಾಣುಗಳೊಡನೆ ಪಾಲುದಾರಿಕೆಯಲ್ಲಿ ತೊಡಗಿಸಿರುತ್ತದೆ. ಹೀಗೆ ಎಲ್ಲ ಎಲೆಕ್ಟ್ರಾನುಗಳೂ ಬಂಧಿತವಾಗಿರುವುದರಿಂದ ಪ್ರವಾಹಕ್ಕೆ ಒದಗುವ ಸ್ವತಂತ್ರ ಎಲೆಕ್ಟ್ರಾನುಗಳು ಅತ್ಯಲ್ಪ. ಸಾಮಾನ್ಯ ತಾಪಮಾನದಲ್ಲಿ ಶುದ್ಧ ಸಿಲಿಕಾನಿನ ಹಲವು ಲಕ್ಷ ಕೋಟಿ ಪರಮಾಣುಗಳಿಗೆ ಒಂದರಂತೆ ಮಾತ್ರ ಸ್ವತಂತ್ರ ಎಲೆಕ್ಟ್ರಾನ್ ದೊರೆಯುತ್ತದೆ.

ವ್ಯಾಪಾರದಲ್ಲಿ ಕಲಬೆರಕೆ ಅಪರಾಧ. ಆದರೆ ಅರೆವಾಹಕ ಉದ್ಯಮದಲ್ಲಿ ಅಳತೆಯರಿತ ಕಲಬೆರಕೆಯೇ ಮೂಲ ವಿದ್ಯೆ. ಶುದ್ಧ ಸಿಲಿಕಾನಿಗೆ ಐದು ಹೊರ ಎಲೆಕ್ಟ್ರಾನುಗಳುಳ್ಳ ರಂಜಕವನ್ನು ಸುಮಾರು 50 ಲಕ್ಷ ಪರಮಾಣುಗಳಿಗೆ ಒಂದರಂತೆ ಬೆರೆಸಿದರೂ ಸಾಕು, ಅದರ ವಾಹಕತೆ ಲಕ್ಷಾಂತರ ಪಟ್ಟು ಹೆಚ್ಚುತ್ತದೆ. ಪಾಲುದಾರಿಕೆಗೆ ನಾಲ್ಕು ಎಲೆಕ್ಟ್ರಾನುಗಳು ಸಾಕಾಗಿ, ಐದನೆಯದು ಸ್ವತಂತ್ರವಾಗಿ ಉಳಿಯುವುದೇ ಇದಕ್ಕೆ ಕಾರಣ. ಇದನ್ನು ಎನ್ ಮಾದರಿ ಎನ್ನುತ್ತಾರೆ. ಇದಕ್ಕೆ ಬದಲಾಗಿ ಮೂರೇ ಹೊರ ಎಲೆಕ್ಟ್ರಾನುಗಳುಳ್ಳ ಬೋರಾನನ್ನು ಬೆರೆಸಿದರೆ ಒಂದು ಸ್ಥಾನ ಖಾಲಿ ಉಳಿಯುತ್ತದೆ. ಈ ಖಾಲಿ ಸ್ಥಾನಕ್ಕೆ ರಂಧ್ರ ಎಂದು ಹೆಸರು. ಇಂತಹ ಸಿಲಿಕಾನ್ ಪಿ ಮಾದರಿಯದು. ಸಭಾಂಗಣದ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾದಾಗ ಪಕ್ಕದವರು ಒಬ್ಬೊಬ್ಬರಾಗಿ ಸರಿದು ಕುಳಿತರೆ, ಖಾಲಿ ಕುರ್ಚಿಯೇ ವಿರುದ್ಧ ದಿಕ್ಕಿಗೆ ಸಾಗಿದಂತೆ ಕಾಣುತ್ತದಷ್ಟೆ. ರಂಧ್ರಗಳ ಚಲನೆಯೂ ಇದೇ ಬಗೆಯದು.

ಸಂಧಿ ಎಂಬ ಸುಂಕದ ಕಟ್ಟೆ

ಒಂದೇ ಸಿಲಿಕಾನ್ ತುಂಡಿನ ಒಂದು ಬದಿಯನ್ನು ಪಿ ಮಾದರಿಯಾಗಿಯೂ ಇನ್ನೊಂದು ಬದಿಯನ್ನು ಎನ್ ಮಾದರಿಯಾಗಿಯೂ ಮಾಡಿದಾಗ ಅವೆರಡೂ ಕೂಡುವ ಗಡಿಯನ್ನು ಸಂಧಿ ಎನ್ನುತ್ತಾರೆ. ಗಡಿಯ ಸಮೀಪದ ಎಲೆಕ್ಟ್ರಾನುಗಳು ದಾಟಿಹೋಗಿ ಆಚೆ ಬದಿಯ ರಂಧ್ರಗಳನ್ನು ತುಂಬುವುದರಿಂದ ಅಲ್ಲಿ ಒಂದು ವಿದ್ಯುತ್ ತಡೆಗೋಡೆ ಏರ್ಪಡುತ್ತದೆ. ಹೊರಗಿನಿಂದ ಒಂದು ದಿಕ್ಕಿನಲ್ಲಿ ವೋಲ್ಟೇಜ್ ಕೊಟ್ಟರೆ ಈ ತಡೆಗೋಡೆ ತಗ್ಗಿ ಪ್ರವಾಹ ಹರಿಯುತ್ತದೆ. ವಿರುದ್ಧ ದಿಕ್ಕಿನಲ್ಲಿ ಕೊಟ್ಟರೆ ತಡೆಗೋಡೆ ಎತ್ತರವಾಗಿ ಪ್ರವಾಹ ನಿಲ್ಲುತ್ತದೆ. ಹೀಗೆ ಒಂದೇ ದಿಕ್ಕಿಗೆ ದಾರಿ ಬಿಡುವ ಸಾಧನವೇ ಡಯೋಡ್.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಂಧಿಯು ದಾರಿಯನ್ನು ಬಿಡುತ್ತದೆಯೇ ಹೊರತು ಉಚಿತವಾಗಿ ಬಿಡುವುದಿಲ್ಲ. ಸಿಲಿಕಾನ್ ಸಂಧಿಯನ್ನು ದಾಟುವ ಪ್ರವಾಹವು ಸುಮಾರು 0.7 ವೋಲ್ಟನ್ನು ಅಲ್ಲಿಯೇ ತೆತ್ತು ಮುಂದುವರಿಯಬೇಕು. ಹೆಚ್ಚಿನ ಪ್ರವಾಹದಲ್ಲಿ ಇದು 1 ವೋಲ್ಟ್ ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂಬ ಗಾದೆಯಂತೆ, ಈ ವಸೂಲಿಗೆ ವಿನಾಯಿತಿ ಇಲ್ಲ. 10 ಆಂಪಿಯರ್ ಹರಿಯುವ ಡಯೋಡಿನಲ್ಲಿ 1 ವೋಲ್ಟ್ ನಷ್ಟವಾದರೆ, 10 ವ್ಯಾಟ್ ಶಕ್ತಿ ಅಲ್ಲಿಯೇ ಶಾಖವಾಗಿ ಪರಿಣಮಿಸುತ್ತದೆ. ಹೀಗೆ ಸಂಗ್ರಹವಾದ ಶಾಖವನ್ನು ಎಲ್ಲಿಗೆ, ಹೇಗೆ ಸಾಗಿಸಬೇಕೆಂಬುದೇ ಸಾಧನದ ಆಯುಷ್ಯವನ್ನು ನಿರ್ಣಯಿಸುವ ಪ್ರಶ್ನೆ.

ಸ್ವಿಚ್ಚಿನಂತೆ ವರ್ತಿಸುವ ಟ್ರಾನ್ಸಿಸ್ಟರ್

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಮೊದಲ ಟ್ರಾನ್ಸಿಸ್ಟರನ್ನು ರೂಪಿಸಿದರು. ಇವರಿಗೂ ವಿಲಿಯಂ ಶಾಕ್ಲಿಯವರಿಗೂ 1956ರ ನೊಬೆಲ್ ಪಾರಿತೋಷಕ ಸಂದಿತು. ಚಿಕ್ಕದೊಂದು ಸಂಜ್ಞೆಯಿಂದ ದೊಡ್ಡ ಪ್ರವಾಹವನ್ನು ನಿಯಂತ್ರಿಸುವುದು ಟ್ರಾನ್ಸಿಸ್ಟರಿನ ಗುಣ. ನಮ್ಮ ಕಾರ್ಖಾನೆಗಳ ಮೋಟಾರ್ ಡ್ರೈವುಗಳಲ್ಲಿ ಇದರ ಒಂದು ಬಗೆಯಾದ ಐಜಿಬಿಟಿ ಎಂಬ ಸಾಧನವು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಬರುವ ವಿದ್ಯುತ್ತನ್ನು ಏಕಮುಖ ಪ್ರವಾಹವನ್ನಾಗಿ ಮಾಡಿ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ, ಮೋಟಾರಿಗೆ ಬೇಕಾದ ಆವರ್ತನದಲ್ಲಿ ಒದಗಿಸುವುದೇ ಡ್ರೈವಿನ ಕಾರ್ಯ.

ಇದರಿಂದಾಗುವ ಉಳಿತಾಯ ಸಾಮಾನ್ಯವಾದುದಲ್ಲ. ಫ್ಯಾನ್, ಬ್ಲೋವರ್ ಮುಂತಾದವುಗಳಲ್ಲಿ ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಶಕ್ತಿ ಸುಮಾರು ಶೇ. 51ಕ್ಕೆ ಇಳಿಯುತ್ತದೆ. 7.5 ಕಿಲೋವ್ಯಾಟ್ ಶಕ್ತಿಯನ್ನು ಬಳಸುವ ಬ್ಲೋವರ್ ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ 22,500 ಯೂನಿಟ್ ಖರ್ಚಾಗುತ್ತದೆ. ಶೇ. 80ರ ವೇಗ ಸಾಕಾಗುವ ಕಡೆ, ಡ್ರೈವಿನ ಸ್ವಂತ ನಷ್ಟವನ್ನು ಕಳೆದೂ ಸುಮಾರು 10,600 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ವಾರ್ಷಿಕ ಉಳಿತಾಯ ಸುಮಾರು 85,000 ರೂಪಾಯಿ. ಆದರೆ ವರ್ಷಕ್ಕೊಮ್ಮೆ ಕಾರ್ಡ್ ಸುಟ್ಟು, ಅದರ ಬೆಲೆಯೊಡನೆ ಎರಡು-ಮೂರು ದಿನಗಳ ಉತ್ಪಾದನೆಯೂ ನಿಂತುಹೋದರೆ, ಈ ಉಳಿತಾಯವೆಲ್ಲ ಒಂದೇ ಪೆಟ್ಟಿಗೆ ಕರಗಿಹೋಗುವುದು.

ತೆರೆದಿರುವಾಗ ಸ್ವಿಚ್ಚಿನಲ್ಲಿ ಪ್ರವಾಹವಿಲ್ಲ. ಪೂರ್ಣ ಮುಚ್ಚಿರುವಾಗ ವೋಲ್ಟೇಜ್ ನಷ್ಟ ಸುಮಾರು 2 ವೋಲ್ಟ್ ಮಾತ್ರ. ಆದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಕ್ಷಣದಲ್ಲಿ ವೋಲ್ಟೇಜ್ ಮತ್ತು ಪ್ರವಾಹ ಎರಡೂ ಏಕಕಾಲದಲ್ಲಿರುವುದರಿಂದ ಪ್ರತಿ ಹೊರಳಿಕೆಯಲ್ಲಿಯೂ ಸ್ವಲ್ಪ ಶಾಖ ಹುಟ್ಟುತ್ತದೆ. ಮೋಟಾರಿನ ಸಿಳ್ಳೆಯಂತಹ ಸದ್ದನ್ನು ಕಡಿಮೆ ಮಾಡಲು ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು ಹೆಚ್ಚಿಸುವುದುಂಟು. ಹಾಗೆ ಹೆಚ್ಚಿಸಿದಾಗ ಸದ್ದು ತಗ್ಗುವುದು ನಿಜ, ಆದರೆ ಹೊರಳಿಕೆಗಳ ಸಂಖ್ಯೆಯೂ ಅದರೊಡನೆ ಶಾಖವೂ ಏರುತ್ತವೆ. ತಯಾರಕರ ಕೈಪಿಡಿಯನ್ನು ನೋಡದೆ ಈ ಬದಲಾವಣೆಯನ್ನು ಮಾಡಗೊಡಬಾರದು.

ಶಾಖವೇ ಏಕೆ ಮುಖ್ಯ ಶತ್ರು?

ತಾಮ್ರದ ತಂತಿ ಕಾಯ್ದಾಗ ಅದರ ತಡೆ ಹೆಚ್ಚುತ್ತದೆ. ಅರೆವಾಹಕದ ವರ್ತನೆ ಇದಕ್ಕೆ ವಿರುದ್ಧವಾದುದು. ಶಾಖ ಹೆಚ್ಚಿದಂತೆ ಬಂಧಿತ ಎಲೆಕ್ಟ್ರಾನುಗಳು ಹೆಚ್ಚು ಹೆಚ್ಚಾಗಿ ಬಿಡುಗಡೆ ಹೊಂದುತ್ತವೆ. ಆಗ ತಡೆಹಿಡಿಯಬೇಕಾದ ಸಂಧಿಯಲ್ಲಿಯೂ ಪ್ರವಾಹ ಸೋರತೊಡಗುತ್ತದೆ. ಸಿಲಿಕಾನ್ ಸಾಧನಗಳಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಈ ಸೋರಿಕೆ ಸರಿಸುಮಾರು ಇಮ್ಮಡಿಯಾಗುತ್ತದೆಂಬುದು ರೂಢಿಯ ಅಂದಾಜು. ಇದು ಸರಳ ಬಡ್ಡಿಯಲ್ಲ, ಚಕ್ರಬಡ್ಡಿ. 25 ಡಿಗ್ರಿಯಿಂದ 125 ಡಿಗ್ರಿಗೆ ಏರಿದರೆ ಹತ್ತು ಸಲ ಇಮ್ಮಡಿಯಾಗಿ ಸೋರಿಕೆ ಸಾವಿರ ಪಟ್ಟಾಗುತ್ತದೆ. ಸೋರಿಕೆ ಶಾಖವನ್ನು ಹುಟ್ಟಿಸುತ್ತದೆ. ಶಾಖ ಸೋರಿಕೆಯನ್ನು ಹೆಚ್ಚಿಸುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ಈ ಸುಳಿ ತಾನಾಗಿ ನಿಲ್ಲದೆ ಸಾಧನವನ್ನು ಸುಟ್ಟುಹಾಕುತ್ತದೆ.

ಉದ್ಯಮದ ಇತಿಹಾಸವೇ ಈ ಮಾತಿಗೆ ಸಾಕ್ಷಿ. ಆರಂಭದ ಟ್ರಾನ್ಸಿಸ್ಟರುಗಳು ಜರ್ಮೇನಿಯಂನಿಂದ ತಯಾರಾಗುತ್ತಿದ್ದವು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ 1960ರ ದಶಕದ ಆರಂಭದಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೇ ತಯಾರಿಸತೊಡಗಿತು. ಆದರೆ ಜರ್ಮೇನಿಯಂನಲ್ಲಿ ಎಲೆಕ್ಟ್ರಾನನ್ನು ಬಂಧನದಿಂದ ಬಿಡಿಸಲು ಸುಮಾರು 0.67 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು, ಸಿಲಿಕಾನಿನಲ್ಲಿ 1.12 ಬೇಕು. ಆದುದರಿಂದ ಬಿಸಿಯಲ್ಲಿ ಜರ್ಮೇನಿಯಂ ಬೇಗನೆ ಸೋರುತ್ತದೆ. 1954ರಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರ್ ಮಾರುಕಟ್ಟೆಗೆ ಬಂದ ಬಳಿಕ ಕ್ರಮೇಣ ಜರ್ಮೇನಿಯಂ ಹಿಂದೆ ಸರಿಯಲು ಶಾಖವನ್ನು ತಾಳುವ ಶಕ್ತಿಯೂ ಒಂದು ಪ್ರಮುಖ ಕಾರಣವಾಯಿತು. ಇದೀಗ ವಿದ್ಯುತ್ ವಾಹನಗಳಲ್ಲಿ ಮತ್ತು ಚಾರ್ಜರುಗಳಲ್ಲಿ ಬಳಕೆಗೆ ಬಂದಿರುವ ಸಿಲಿಕಾನ್ ಕಾರ್ಬೈಡ್ ಮತ್ತು ಗ್ಯಾಲಿಯಂ ನೈಟ್ರೈಡ್‌ಗಳಲ್ಲಿ ಈ ಅಂತರ 3 ಎಲೆಕ್ಟ್ರಾನ್ ವೋಲ್ಟನ್ನೂ ಮೀರಿದೆ.

ತಾಪಮಾನದ ಜಮಾ-ಖರ್ಚು

ಸಿಲಿಕಾನ್ ಶಕ್ತಿ ಸಾಧನಗಳ ಸಂಧಿಯ ಗರಿಷ್ಠ ತಾಪಮಾನವನ್ನು ಸಾಮಾನ್ಯವಾಗಿ 150 ಡಿಗ್ರಿಯ ಆಸುಪಾಸಿನಲ್ಲಿ ನಿಗದಿಪಡಿಸಿರುತ್ತಾರೆ. ಸಂಧಿಯ ತಾಪಮಾನವನ್ನು ಲೆಕ್ಕ ಹಾಕುವ ಕ್ರಮವು ನಗದು ಪುಸ್ತಕದ ಕ್ರಮದಂತೆಯೇ ಇದೆ. ಸುತ್ತಲಿನ ಗಾಳಿಯ ತಾಪಮಾನವು ಆರಂಭಿಕ ಶಿಲ್ಕು. ಶಾಖ ಹೊರಹೋಗುವ ದಾರಿಯ ಪ್ರತಿಯೊಂದು ಹಂತದಲ್ಲಿಯೂ ಕೂಡಿಕೊಳ್ಳುವ ಡಿಗ್ರಿಗಳು ಜಮಾ. ಕೊನೆಗೆ ದೊರೆಯುವುದು ಸಂಧಿಯ ತಾಪಮಾನ.

ಉದಾಹರಣೆಗೆ, ಒಂದು ಸಾಧನದಲ್ಲಿ 30 ವ್ಯಾಟ್ ಶಾಖ ಹುಟ್ಟುತ್ತದೆಂದು ಇಟ್ಟುಕೊಳ್ಳೋಣ. ಪ್ರತಿ ವ್ಯಾಟಿಗೆ ಸಂಧಿಯಿಂದ ಹೊರಕವಚದವರೆಗೆ 0.5 ಡಿಗ್ರಿ, ಕವಚದಿಂದ ಪೇಸ್ಟ್ ಮೂಲಕ ಹೀಟ್ ಸಿಂಕಿನವರೆಗೆ 0.2 ಡಿಗ್ರಿ, ಹೀಟ್ ಸಿಂಕಿನಿಂದ ಗಾಳಿಗೆ 1.8 ಡಿಗ್ರಿ ಏರಿಕೆಯಾಗುವುದಾದರೆ, ಒಟ್ಟು 2.5 ಡಿಗ್ರಿ. 30 ವ್ಯಾಟಿಗೆ 75 ಡಿಗ್ರಿ. ಇದರಿಂದ ದೊರೆಯುವ ಫಲಿತಾಂಶ ಹೀಗಿದೆ:

ಗಾಳಿ 25 ಡಿಗ್ರಿ ಇದ್ದರೆ: 25 + 75 = 100 ಡಿಗ್ರಿ.
ಪೆಟ್ಟಿಗೆಯೊಳಗಿನ ಗಾಳಿ 55 ಡಿಗ್ರಿ ಇದ್ದರೆ: 55 + 75 = 130 ಡಿಗ್ರಿ.
ಹೀಟ್ ಸಿಂಕಿಗೆ ಧೂಳು ಕವಿದು 1.8 ಇದ್ದದ್ದು 2.5 ಆದರೆ: 55 + 96 = 151 ಡಿಗ್ರಿ.

ಮೊದಲನೆಯದು ಪ್ರದರ್ಶನ ಮಳಿಗೆಯ ಲೆಕ್ಕ. ಮೂರನೆಯದು ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಛಾವಣಿಯ ಕೆಳಗೆ, ಗಾಳಿಯಾಡದ ಪ್ಯಾನಲ್ ಪೆಟ್ಟಿಗೆಯ ಲೆಕ್ಕ. ಸಾಧನ ಅದೇ, ಹೊರೆಯೂ ಅದೇ. ಕಲಬುರಗಿ, ರಾಯಚೂರು ಮೊದಲಾದ ಕಡೆ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿಯನ್ನು ದಾಟುವುದರಿಂದ ಪೆಟ್ಟಿಗೆಯೊಳಗೆ 55 ಡಿಗ್ರಿ ಅತಿಶಯೋಕ್ತಿಯಲ್ಲ. ಪೂರ್ಣ ಹೊರೆಯಲ್ಲಿ 7.5 ಕಿಲೋವ್ಯಾಟ್ ಡ್ರೈವ್ ಶೇ. 97ರ ದಕ್ಷತೆಯಿಂದ ನಡೆದರೂ 200 ವ್ಯಾಟಿಗೂ ಮಿಕ್ಕಿದ ಶಾಖವನ್ನು ಹೊರಸೂಸುತ್ತದೆ. ಇದು ಮುಚ್ಚಿದ ಪೆಟ್ಟಿಗೆಯಲ್ಲಿ ಹಳೆಯ 100 ವ್ಯಾಟಿನ ಎರಡು ಬಲ್ಬುಗಳನ್ನು ಸದಾ ಉರಿಸಿದಂತೆ. ಹಿಟ್ಟು, ಹತ್ತಿಯ ಎಳೆ, ಅಕ್ಕಿಯ ತೌಡು ಹಾರಾಡುವ ಉದ್ದಿಮೆಗಳಲ್ಲಿ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಕೂರುವ ಧೂಳು ಎಷ್ಟು ದುಬಾರಿಯೆಂಬುದು ಇದರಿಂದ ವಿದಿತವಾಗುತ್ತದೆ.

ಅರೆವಾಹಕಗಳಿಗೂ ಸವಕಳಿ ಇದೆಯೇ?

ಚಲಿಸುವ ಭಾಗಗಳಿಲ್ಲದ ಕಾರಣ ಇವು ಸವೆಯುವುದಿಲ್ಲವೆಂಬ ಭಾವನೆ ಪೂರ್ಣ ಸತ್ಯವಲ್ಲ. ಸಾಧನದೊಳಗೆ ಸಿಲಿಕಾನ್ ತುಣುಕಿಗೆ ಅಲ್ಯೂಮಿನಿಯಂ ತಂತಿಗಳನ್ನು ಬೆಸೆದಿರುತ್ತಾರೆ. ಬಿಸಿಯಾದಾಗ ಅಲ್ಯೂಮಿನಿಯಂ ಸಿಲಿಕಾನಿಗಿಂತ ಸುಮಾರು ಎಂಟು-ಒಂಬತ್ತು ಪಟ್ಟು ಹೆಚ್ಚು ಹಿಗ್ಗುತ್ತದೆ. ಯಂತ್ರವನ್ನು ಪದೇ ಪದೇ ನಿಲ್ಲಿಸಿ ಆರಂಭಿಸುವ ಕಡೆಗಳಲ್ಲಿ ಈ ಹಿಗ್ಗು-ಕುಗ್ಗುಗಳಿಂದ ಬೆಸುಗೆಯಲ್ಲಿ ಬಿರುಕು ಮೂಡಿ ಕಾಲಕ್ರಮದಲ್ಲಿ ಕಳಚಿಕೊಳ್ಳುತ್ತದೆ.

ಇನ್ನೊಂದು ಸಂಗತಿಯೆಂದರೆ, ಕೆಟ್ಟ ಕಾರ್ಡಿನಲ್ಲಿ ಮೊದಲು ಸೋತಿರುವುದು ಅನೇಕ ವೇಳೆ ಅರೆವಾಹಕವಲ್ಲ, ಅದರ ಪಕ್ಕದ ಕೆಪ್ಯಾಸಿಟರ್. ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರಿನ ಒಳಗಿನ ದ್ರವ ಶಾಖದಿಂದ ಒಣಗುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಅದರ ಆಯುಷ್ಯ ಅರ್ಧವಾಗುತ್ತದೆಂಬುದು ಪ್ರಚಲಿತ ನಿಯಮ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಕೆಪ್ಯಾಸಿಟರ್ 85 ಡಿಗ್ರಿಯಲ್ಲಿ 20,000 ಗಂಟೆ, 65 ಡಿಗ್ರಿಯಲ್ಲಿ 80,000 ಗಂಟೆ ಬಾಳಬೇಕು. ವರ್ಷಕ್ಕೆ 8,000 ಗಂಟೆ ನಡೆಯುವ ಕಾರ್ಖಾನೆಯಲ್ಲಿ ಇದು ಎರಡೂವರೆ ವರ್ಷಕ್ಕೂ ಹತ್ತು ವರ್ಷಕ್ಕೂ ಇರುವ ವ್ಯತ್ಯಾಸ. ಒಂದು ಚಿಕ್ಕ ಫ್ಯಾನ್ ಮತ್ತು ಶುಚಿಯಾದ ಫಿಲ್ಟರ್ ತರಬಲ್ಲ ಲಾಭ ಇಷ್ಟಿದೆ.

ವೋಲ್ಟೇಜ್ ಆಘಾತ ಮತ್ತು ಸ್ಥಾಯಿ ವಿದ್ಯುತ್

ಶಾಖದ ನಂತರದ ಶತ್ರು ಅತಿ ವೋಲ್ಟೇಜ್. ವಿರುದ್ಧ ದಿಕ್ಕಿನ ವೋಲ್ಟೇಜ್ ಮಿತಿ ಮೀರಿದರೆ ಸಂಧಿಯ ತಡೆಗೋಡೆ ಕುಸಿಯುತ್ತದೆ. 415 ವೋಲ್ಟ್ ಮೂರು ಫೇಸ್ ವಿದ್ಯುತ್ತಿನ ಶಿಖರ ಮೌಲ್ಯವೇ ಸುಮಾರು 587 ವೋಲ್ಟ್. ಸಿಡಿಲು, ದೊಡ್ಡ ಮೋಟಾರುಗಳ ಸ್ವಿಚಿಂಗ್ ಮುಂತಾದವುಗಳಿಂದ ಬರುವ ಕ್ಷಣಿಕ ಏರಿಕೆಗಳು ಇದಕ್ಕಿಂತ ಎಷ್ಟೋ ಹೆಚ್ಚಾಗಿರಬಲ್ಲವು. ನ್ಯೂಟ್ರಲ್ ತಂತಿ ಸಡಿಲವಾದರೆ ಒಂದು ಫೇಸಿನ ಮೇಲಿರುವ ಉಪಕರಣಗಳಿಗೆ 230ರ ಬದಲು 400 ವೋಲ್ಟಿನ ಸಮೀಪದವರೆಗೂ ವಿದ್ಯುತ್ ಹರಿದು, ಮಳಿಗೆಯ ಎಲ್‌ಇಡಿ ದೀಪಗಳೆಲ್ಲ ಒಮ್ಮೆಲೇ ಕೆಡುವ ಸಂಭವವಿದೆ.

ಎಂಸಿಬಿ ಇದೆಯಲ್ಲ ಎಂಬ ಭರವಸೆ ಇಲ್ಲಿ ಸಾಲದು. ಐಜಿಬಿಟಿ ಸಾಧನವು ಶಾರ್ಟ್ ಸರ್ಕ್ಯೂಟನ್ನು ತಾಳಬಲ್ಲದ್ದು ಸುಮಾರು 10 ಮೈಕ್ರೋಸೆಕೆಂಡ್ ಮಾತ್ರ. ಎಂಸಿಬಿ ಬಿಡಿಸಿಕೊಳ್ಳುವುದು ಮಿಲಿಸೆಕೆಂಡುಗಳಲ್ಲಿ. ಬೆಂಕಿ ಅನಾಹುತವನ್ನು ಎಂಸಿಬಿ ತಪ್ಪಿಸೀತು, ಕಾರ್ಡನ್ನು ಉಳಿಸಲಾರದು. ಅದಕ್ಕೆ ಸರ್ಜ್ ರಕ್ಷಕವೂ ಸಮರ್ಪಕ ಅರ್ಥಿಂಗೂ ಪ್ರತ್ಯೇಕವಾಗಿ ಬೇಕು.

ಬಿಡಿಭಾಗಗಳ ವ್ಯಾಪಾರಿಗಳು ತಿಳಿಯಬೇಕಾದ ವಿಷಯವೊಂದಿದೆ. ಒಣ ಹವೆಯಲ್ಲಿ ಮನುಷ್ಯನ ಮೈಯಲ್ಲಿ ಸಾವಿರಾರು ವೋಲ್ಟ್ ಸ್ಥಾಯಿ ವಿದ್ಯುತ್ ಸಂಗ್ರಹವಾಗಬಹುದು. ಸುಮಾರು 3,000 ವೋಲ್ಟಿನವರೆಗೆ ಅದು ಅನುಭವಕ್ಕೇ ಬರುವುದಿಲ್ಲ. ಆದರೆ ಶಕ್ತಿ ಮಾಸ್‌ಫೆಟ್ ಸಾಧನದ ಗೇಟ್ ತಾಳಿಕೆ ಸಾಮಾನ್ಯವಾಗಿ 20 ವೋಲ್ಟ್ ಮಾತ್ರ. ಕಾರ್ಡುಗಳನ್ನು ಸ್ಥಾಯಿ ವಿದ್ಯುತ್ ನಿರೋಧಕ ಚೀಲದಿಂದ ತೆಗೆದು ಸಾಮಾನ್ಯ ಪ್ಲಾಸ್ಟಿಕ್ ಚೀಲದಲ್ಲಿಡುವುದು, ಬರಿಗೈಯಲ್ಲಿ ಮುಟ್ಟಿ ಗಿರಾಕಿಗೆ ತೋರಿಸುವುದು, ಅನಂತರ "ಹೊಸದೇ ಕೆಟ್ಟಿದೆ" ಎಂಬ ವಿವಾದಕ್ಕೆ ದಾರಿಯಾಗುತ್ತದೆ.

ಸೌರ ಫಲಕದಲ್ಲಿಯೂ ಇದೇ ನಿಯಮ

ಛಾವಣಿಯ ಸೌರ ಫಲಕವೂ ಒಂದು ವಿಸ್ತಾರವಾದ ಪಿ-ಎನ್ ಸಂಧಿಯೇ. ಅದರ ಮೇಲೆ ನಮೂದಿಸಿದ ಸಾಮರ್ಥ್ಯವು ಕೋಶದ ತಾಪಮಾನ 25 ಡಿಗ್ರಿ ಇದ್ದಾಗ, ಚದರ ಮೀಟರಿಗೆ 1,000 ವ್ಯಾಟ್ ಬಿಸಿಲಿನಲ್ಲಿ ಅಳೆದದ್ದು. ಪ್ರತಿ ಡಿಗ್ರಿ ಏರಿಕೆಗೆ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಮಧ್ಯಾಹ್ನ ಕೋಶ 65 ಡಿಗ್ರಿ ಮುಟ್ಟಿದರೆ ಶೇ. 12ರಿಂದ 16ರಷ್ಟು ಕೊರತೆ ಸಹಜ. ಸಾಲ ಪಡೆದು ಫಲಕ ಹಾಕಿಸುವವರು ಮರುಪಾವತಿಯ ಅಂದಾಜು ಪಟ್ಟಿಯಲ್ಲಿ ಇದನ್ನು ಪರಿಗಣಿಸಬೇಕು. ಫಲಕ ಮತ್ತು ತಗಡಿನ ನಡುವೆ ಗಾಳಿಯಾಡಲು ತೆರಪು ಬಿಡುವುದೂ ಅವಶ್ಯ.

ಉದ್ದಿಮೆದಾರರು ಕೈಗೊಳ್ಳಬಹುದಾದ ಕ್ರಮಗಳು

1. ದರಪಟ್ಟಿ ಕೇಳುವಾಗ ಸಾಮರ್ಥ್ಯದ ಜೊತೆಗೆ ಎಷ್ಟು ಡಿಗ್ರಿ ತಾಪಮಾನದಲ್ಲಿ ಆ ಸಾಮರ್ಥ್ಯ ದೊರೆಯುವುದೆಂಬುದನ್ನು ಬರಹದಲ್ಲಿ ಪಡೆಯಬೇಕು. 40 ಡಿಗ್ರಿಗೆ ನಿಗದಿಯಾದ ಡ್ರೈವನ್ನು 50 ಡಿಗ್ರಿಯಲ್ಲಿ ನಡೆಸುವುದಿದ್ದರೆ ಒಂದು ಅಳತೆ ದೊಡ್ಡದನ್ನು ಕೊಳ್ಳುವುದು ಲೇಸು.

2. ವಾರಂಟಿ ಷರತ್ತುಗಳಲ್ಲಿ ತಾಪಮಾನ, ಧೂಳು ಹಾಗೂ ಅರ್ಥಿಂಗ್ ಕುರಿತ ವಾಕ್ಯಗಳನ್ನು ಖರೀದಿಗೆ ಮುನ್ನವೇ ಓದಬೇಕು.

3. ಫೆಬ್ರವರಿ ತಿಂಗಳಲ್ಲಿಯೇ ಪ್ಯಾನಲ್ ಫ್ಯಾನ್, ಫಿಲ್ಟರ್, ಹೀಟ್ ಸಿಂಕುಗಳನ್ನು ವಿದ್ಯುತ್ ಕಡಿತಗೊಳಿಸಿ ಶುಚಿಗೊಳಿಸಬೇಕು. ವಿದ್ಯುತ್ ನಿಂತ ಮೇಲೆಯೂ ಕೆಪ್ಯಾಸಿಟರುಗಳಲ್ಲಿ ಅಪಾಯಕರ ವೋಲ್ಟೇಜ್ ಕೆಲಕಾಲ ಉಳಿದಿರುವುದರಿಂದ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಈ ಕೆಲಸವನ್ನು ನುರಿತವರಿಂದಲೇ ಮಾಡಿಸಬೇಕು.

4. ವಿದ್ಯುನ್ಮಾನ ದುರಸ್ತಿಗಳಿಗೆ ಪ್ರತ್ಯೇಕ ವಹಿ ಇಟ್ಟು, ದಿನಾಂಕ, ಯಂತ್ರ, ಕೆಟ್ಟ ಭಾಗ, ಪೆಟ್ಟಿಗೆಯೊಳಗಿನ ತಾಪಮಾನ, ಉತ್ಪಾದನೆ ನಿಂತ ಗಂಟೆಗಳನ್ನು ಬರೆಯಬೇಕು. ಸಾಮಾನ್ಯ ದುರಸ್ತಿ ಖಾತೆಯಲ್ಲಿ ಚದುರಿಹೋದ ಬಿಲ್ಲುಗಳು ಒಟ್ಟು ನಷ್ಟವನ್ನು ಮರೆಮಾಡುತ್ತವೆ.

5. ಕಂಪನಿ ಕಾಯಿದೆ, 2013ರ ಎರಡನೇ ಅನುಸೂಚಿಯು ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷಗಳ ಉಪಯುಕ್ತ ಆಯುಷ್ಯವನ್ನು ಸೂಚಿಸುತ್ತದೆ. ಆದರೆ ಯಂತ್ರದ ಗಣನೀಯ ಬೆಲೆಯ ಭಾಗವೊಂದರ ಆಯುಷ್ಯ ಭಿನ್ನವಾಗಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಸವಕಳಿ ಲೆಕ್ಕ ಹಾಕುವುದು 1-4-2015ರಂದು ಅಥವಾ ಆನಂತರ ಆರಂಭವಾದ ಆರ್ಥಿಕ ವರ್ಷಗಳಿಂದ ಕಡ್ಡಾಯವಾಗಿದೆ. ಯಂತ್ರದ ಬೆಲೆಯಲ್ಲಿ ನಿಯಂತ್ರಣ ವ್ಯವಸ್ಥೆಯ ಪಾಲು ದೊಡ್ಡದಿರುವ ಕಂಪನಿಗಳು ಇದನ್ನು ಪರಿಶೀಲಿಸಬೇಕು. ಏಕವ್ಯಕ್ತಿ ಮಾಲೀಕತ್ವದ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಈ ಅನುಸೂಚಿ ಅನ್ವಯಿಸದಿದ್ದರೂ, ಕಾರ್ಡುಗಳ ಬದಲಾವಣೆಗೆಂದು ಪ್ರತಿ ವರ್ಷ ಸ್ವಲ್ಪ ಹಣವನ್ನು ತೆಗೆದಿರಿಸುವುದು ವಿವೇಕದ ಕ್ರಮ.

ಒಟ್ಟಿನಲ್ಲಿ, ಅರೆವಾಹಕ ಸಾಧನವು ಮುನ್ಸೂಚನೆ ನೀಡದೆ ಕೆಡುವಂತೆ ಕಂಡರೂ ಅದರ ಹಿಂದೆ ಖಚಿತವಾದ ನಿಯಮಗಳಿವೆ. ಅದಕ್ಕೆ ಬೇರಿಂಗಿನಂತೆ ಗ್ರೀಸು ಬೇಕಿಲ್ಲ. ತಂಪು, ಶುಚಿತ್ವ ಮತ್ತು ಸಾಮರ್ಥ್ಯದಲ್ಲಿ ಒಂದಿಷ್ಟು ಮಿಗತೆ ಬೇಕು. ಇವುಗಳಿಗಾಗಿ ಮಾಡುವ ವೆಚ್ಚವನ್ನು ಹೆಚ್ಚುವರಿ ಖರ್ಚೆಂದು ಭಾವಿಸದೆ ಯಂತ್ರದ ಮೂಲ ಬೆಲೆಯ ಒಂದು ಅಂಗವೆಂದೇ ಪರಿಗಣಿಸುವುದು ಹಿತಕರ. ಮುಂದಿನ ಬೇಸಿಗೆ ಆರಂಭವಾಗುವುದಕ್ಕೆ ಮೊದಲೇ ಸದಸ್ಯ ಬಾಂಧವರು ತಮ್ಮ ಪ್ಯಾನಲ್ ಪೆಟ್ಟಿಗೆಯೊಳಗೆ ಒಂದು ಸಾಧಾರಣ ತಾಪಮಾಪಕವನ್ನು ಇರಿಸಿ, ಒಂದು ವಾರದ ಕಾಲ ಮಧ್ಯಾಹ್ನದ ಅಂಕಿಯನ್ನು ಬರೆದಿಟ್ಟುಕೊಳ್ಳಲಿ. ಯಾವ ಕ್ರಮವನ್ನು ಮೊದಲು ಕೈಗೊಳ್ಳಬೇಕೆಂಬುದು ಆ ಅಂಕಿಗಳಿಂದಲೇ ತಿಳಿದುಬರುತ್ತದೆ.